ಮಂಗಳೂರಿನ ಕೋಶ, ಟ್ಯೂಬಿಂಗೆನ್‌ನ ಮನೆ: ಕಿಟ್ಟೆಲ್ ಕುಟುಂಬದ ಕತೆ

ಕಾಪು, ಶಿರ್ವ, ಕಾರ್ಕಳದ ಕಡೆ ಯಜಮಾನ ಊರಿನಲ್ಲಿಲ್ಲದ ಮನೆಗಳು ಬೇಕಾದಷ್ಟಿವೆ. ಗಂಡ ದುಬೈಯಲ್ಲಿಯೋ ಕುವೈತಿನಲ್ಲಿಯೋ ದುಡಿಯುತ್ತಾನೆ. ಮಕ್ಕಳ ಶಾಲೆ, ಅತ್ತೆ-ಮಾವಂದಿರ ಮದ್ದು, ತೋಟದ ಕೆಲಸ, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ಹೆಂಡತಿ ಒಬ್ಬಳೇ ನಿಭಾಯಿಸುತ್ತಾಳೆ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ಅಪ್ಪನನ್ನು ಚಿಕ್ಕ ಮಕ್ಕಳು ಮೊದಲ ಕೆಲವು ದಿನ ನೆಂಟನಂತೆ ನೋಡುತ್ತಾರೆ. ಕರಾವಳಿಯ ಜನರಿಗೆ ಈ ಸಂಸಾರದ ಲೆಕ್ಕಾಚಾರವನ್ನು ವಿವರಿಸಿ ಹೇಳಬೇಕಾಗಿಲ್ಲ.

ಸುಮಾರು ನೂರ ನಲವತ್ತು ವರ್ಷಗಳ ಹಿಂದೆ ಇಂತಹದೇ ಒಂದು ಮನೆ ಜರ್ಮನಿಯಲ್ಲಿತ್ತು. ಅದರ ಯಜಮಾನ ದುಡಿಯುತ್ತಿದ್ದುದು ಮಂಗಳೂರಿನಲ್ಲಿ. ಆತನ ದುಡಿಮೆ ಕನ್ನಡದ ಪದಗಳನ್ನು ಕೂಡಿಸುವುದಾಗಿತ್ತು. ಅವರೇ ಫರ್ಡಿನಂಡ್ ಕಿಟ್ಟೆಲ್.

ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಣಾಲಯದಿಂದ ಹೊರಬಂತು. ಸುಮಾರು ಎಪ್ಪತ್ತು ಸಾವಿರ ಪದಗಳು, ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳು. ಕನ್ನಡ ಬಲ್ಲ ಎಲ್ಲರೂ ಈ ಹೆಸರನ್ನು ಕೇಳಿದ್ದಾರೆ. ಬೆಂಗಳೂರಿನ ಮೇಯೋ ಹಾಲ್ ಎದುರು ಅವರ ಪ್ರತಿಮೆಯಿದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಆದರೆ ನಿಘಂಟಿನ ಹಿಂದೆ ಒಂದು ಸಂಸಾರವಿತ್ತು, ಆ ಸಂಸಾರ ಕನ್ನಡ ನಾಡಿನಿಂದ ಯುರೋಪಿಗೆ ಮರಳಿ ಅಲ್ಲಿ ಬೇರೂರಬೇಕಾಯಿತು, ಬೇರೂರುವ ಹೊತ್ತಿಗೆ ಯಜಮಾನ ಮತ್ತೆ ಹಡಗು ಹತ್ತಿದ ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಸಮುದ್ರದ ದಂಡೆಯ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಗಾಟ್‌ಫ್ರೀಡ್ ಕ್ರಿಶ್ಚಿಯನ್ ಕಿಟ್ಟೆಲ್ ಅಲ್ಲಿನ ಚರ್ಚಿನ ಪಾದ್ರಿ. ಅದು ಸಮತಟ್ಟು ನೆಲ. ಕಡಲು ಒಳನುಗ್ಗದಂತೆ ಒಡ್ಡು ಕಟ್ಟಿಕೊಂಡು ಬದುಕುವ ಜನ. ಕಡಲು ಕೊರೆತಕ್ಕೆ ಕಲ್ಲು ಹಾಕಿ ದಣಿದ ನಮ್ಮ ಮಲ್ಪೆ, ಕಾಪು ಕಡೆಯವರಿಗೆ ಆ ಬದುಕು ತೀರಾ ಅಪರಿಚಿತವಾಗಿ ಕಾಣದು. ಸಮೀಪದ ಔರಿಚ್ ಪಟ್ಟಣದ ಪ್ರೌಢಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತ ಹುಡುಗ 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ತರಬೇತಿ ಶಾಲೆ ಸೇರಿದರು. ಮೂರು ವರ್ಷಗಳ ಬಳಿಕ ಅವರನ್ನು ಭಾರತಕ್ಕೆ ಕಳುಹಿಸಲಾಯಿತು.

ಒಂದು ಕಾಕತಾಳೀಯ ಇಲ್ಲಿ ಉಲ್ಲೇಖಾರ್ಹ. ಕಿಟ್ಟೆಲ್ ಹುಟ್ಟಿದ 1832ರಲ್ಲಿಯೇ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಪ್ರಕಟವಾಗಿತ್ತು. ಅದನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಿಂದ ಹೊರತಂದರು. ಮುಂದೆ ಇವೆರಡನ್ನೂ ಹಿಂದಿಕ್ಕುವ ಕೋಶವನ್ನು ಕಟ್ಟಬೇಕಾದ ಮನುಷ್ಯ ಆಗ ಭಾರತದಲ್ಲಿಯೇ ಇದ್ದರು.

ಮಿಶನ್ನಿನ ಮೇಲಧಿಕಾರಿಗಳಿಗೆ ಯುವಕ ಕಿಟ್ಟೆಲ್ ಆರಂಭದಿಂದಲೇ ತಲೆನೋವಾಗಿದ್ದರು. ಜನರ ನಡುವೆ ಕೆಲಸ ಮಾಡಬೇಕಾದರೆ ಜನರಂತೆಯೇ ಬದುಕಬೇಕು, ಯುರೋಪಿಯನ್ನರ ಬಂಗಲೆ ಜೀವನ ಬಿಡಬೇಕು ಎಂಬುದು ಅವರ ನಿಲುವು. ಬಾಸೆಲ್‌ನಲ್ಲಿ ಕುಳಿತು ಎಲ್ಲವನ್ನೂ ಕಟ್ಟುನಿಟ್ಟಾಗಿ ನಡೆಸುತ್ತಿದ್ದ ನಿರ್ದೇಶಕ ಜೋಸೆಫ್ ಯೋಸೆನ್‌ಹಾನ್ಸ್ ಅವರಿಗೆ ಇಂತಹ ಸ್ವತಂತ್ರ ಪ್ರವೃತ್ತಿ ಹಿಡಿಸಲಿಲ್ಲ. ಸಹೋದ್ಯೋಗಿಗಳಿಗೂ ಅಷ್ಟೇ. ಊರಿಂದೂರಿಗೆ ಬೋಧಿಸುತ್ತಾ ಜನರನ್ನು ಮತಕ್ಕೆ ಸೇರಿಸುವ ಕೆಲಸದಲ್ಲಿ ಕಿಟ್ಟೆಲರು ಯಶಸ್ವಿಯಾದರೆಂದು ಅವರ ಮಿಶನ್ನೇ ಭಾವಿಸಿರಲಿಲ್ಲ. ಪುಸ್ತಕದ ಕೆಲಸದ ಕಡೆಗೆ ಅವರು ಸರಿದುದರಲ್ಲಿ ಅವರ ಒಲವಿನಷ್ಟೇ ಈ ಅಸಮಾಧಾನದ ಪಾಲೂ ಇದೆ.

ಮಂಗಳೂರಿನಲ್ಲಿ 1841ರಿಂದ ಬಾಸೆಲ್ ಮಿಶನ್ ಮುದ್ರಣಾಲಯವಿತ್ತು. ಮೊದಲ ಕನ್ನಡ ವೃತ್ತಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಹೊರಟದ್ದು ಅಲ್ಲಿಂದ. ಕಿಟ್ಟೆಲರಿಗೆ ನೆಲೆ ದೊರೆತದ್ದು ಈ ಮುದ್ರಣಾಲಯದ ಸುತ್ತಲೇ. ಅವರ ಕಥಾಮಾಲೆ 1862ರಲ್ಲಿ ಬಂತು. ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ಪ್ರಯತ್ನ ಅದು. ಕನ್ನಡ ಓದುಗನನ್ನು ಮುಟ್ಟಬೇಕಾದರೆ ಕನ್ನಡದ ಲಯ ತಿಳಿದಿರಬೇಕು ಎಂದು ಬಗೆದವರು ಕೊನೆಗೆ ಲಯದ ಶಾಸ್ತ್ರವನ್ನೇ ಕೈಗೆತ್ತಿಕೊಂಡರು. ಕೇಶಿರಾಜನ ಶಬ್ದಮಣಿದರ್ಪಣ 1872ರಲ್ಲಿ, ನಾಗವರ್ಮನ ಛಂದೋಂಬುಧಿ 1875ರಲ್ಲಿ ಅವರ ಸಂಪಾದಕತ್ವದಲ್ಲಿ ಮಂಗಳೂರಿನಿಂದ ಪ್ರಕಟಗೊಂಡವು. ಲಿಂಗಾರಾಧನೆಯ ಮೂಲದ ಬಗ್ಗೆ ಜರ್ಮನ್ ಭಾಷೆಯಲ್ಲಿ ಒಂದು ಕೃತಿ 1876ರಲ್ಲಿ ಬಂತು. ಇಂಡಿಯನ್ ಆಂಟಿಕ್ವರಿ ಪತ್ರಿಕೆಗೂ ಅವರು ಬರೆಯುತ್ತಿದ್ದರು.

ಅಕ್ಕನ ಬಳಿಕ ತಂಗಿ

ಸಂಸಾರದ ಕತೆ ಈ ಪುಸ್ತಕಗಳ ನಡುವೆ ಹುದುಗಿದೆ. ಬಾಸೆಲ್ ಮಿಶನ್ನಿನಲ್ಲಿ ವಿವಾಹಕ್ಕೂ ನಿಯಮವಿತ್ತು. ಹೊಸದಾಗಿ ಬಂದವರು ಕೆಲವು ವರ್ಷ ಸೇವೆ ಸಲ್ಲಿಸಿದ ಬಳಿಕವೇ ಮದುವೆಗೆ ಅನುಮತಿ ಕೇಳಬಹುದಿತ್ತು. ವಧುವನ್ನು ಸಮಿತಿ ಒಪ್ಪಬೇಕಿತ್ತು. ಅನೇಕ ಯುವತಿಯರು ಎಂದೂ ನೋಡದ, ಅಥವಾ ಬಾಲ್ಯದಲ್ಲೊಮ್ಮೆ ನೋಡಿದ ವರನನ್ನು ನಂಬಿ ಹಡಗು ಹತ್ತುತ್ತಿದ್ದರು. ಬಂದರಿನಲ್ಲಿ ಇಳಿದ ಕೆಲವೇ ದಿನಗಳಲ್ಲಿ ಮದುವೆ ನಡೆಯುತ್ತಿತ್ತು. ಜಾತಕ ನೋಡಿ, ಹಿರಿಯರು ಗೊತ್ತುಮಾಡಿದ ಮದುವೆಗಳನ್ನು ಕಂಡು ಟೀಕಿಸುತ್ತಿದ್ದ ಮಿಶನರಿಗಳ ಸ್ವಂತ ಮದುವೆಗಳು ಅದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ.

ಕಿಟ್ಟೆಲರ ವಿವಾಹ 1860ರಲ್ಲಿ ಪೌಲೀನ ಐಟ್ ಅವರೊಂದಿಗೆ ನಡೆಯಿತು. ಕೆಲವೇ ವರ್ಷಗಳಲ್ಲಿ ಪೌಲೀನ ತೀರಿಕೊಂಡರು. ಜ್ವರ, ಆಮಶಂಕೆ, ಹೆರಿಗೆ ಯಾವುದಾದರೂ ಒಂದು ಯುರೋಪಿನ ಹೆಣ್ಣುಮಗಳನ್ನು ಈ ನೆಲದಲ್ಲಿ ಮಲಗಿಸುವುದು ಆ ದಿನಗಳಲ್ಲಿ ಅಪರೂಪವಾಗಿರಲಿಲ್ಲ. ಬಾಸೆಲ್ ಮಿಶನ್ನಿನವರ ಹಳೆಯ ಸಮಾಧಿ ಸ್ಥಳಗಳಲ್ಲಿ ಹೆಂಗಸರ ಮತ್ತು ಕೂಸುಗಳ ಹೆಸರು ಎಷ್ಟಿವೆಯೆಂದು ನೋಡಿದರೆ ಸಾಕು. ತಾಯಿಯಿಲ್ಲದ ಎಳೆಯ ಮಕ್ಕಳ ಹೊಣೆ ಕಿಟ್ಟೆಲರ ಮೇಲೆ ಬಿತ್ತು. ಬಳಿಕ ಅವರು ಪೌಲೀನಳ ತಂಗಿ ಜೂಲಿಯನ್ನು ಮದುವೆಯಾದರು. ಅಕ್ಕ ತೀರಿಕೊಂಡರೆ ತಂಗಿಯನ್ನು ಕೊಡುವ ಪದ್ಧತಿ ನಮ್ಮಲ್ಲೂ ಇತ್ತು. ಮಕ್ಕಳ ದೃಷ್ಟಿಯಿಂದ ಹಿರಿಯರು ಅದನ್ನು ಮಾಡುತ್ತಿದ್ದರು. ಜೂಲಿ ಅಕ್ಕನ ಮನೆಯನ್ನು ವಹಿಸಿಕೊಂಡರು. ಅಕ್ಕನನ್ನು ಕಳೆದುಕೊಂಡ ದೇಶಕ್ಕೆ ತಾನೂ ಬಂದರು.

ಮಿಶನರಿ ಮಕ್ಕಳ ಬಗ್ಗೆ ಬಾಸೆಲ್‌ನಲ್ಲಿ ಇನ್ನೊಂದು ಕಠಿಣ ನಿಯಮವಿತ್ತು. ಕಿಟ್ಟೆಲ್ ಭಾರತಕ್ಕೆ ಹೊರಟ 1853ರಲ್ಲಿಯೇ ಅದು ಜಾರಿಗೆ ಬಂತು. ಶಾಲೆಗೆ ಸೇರುವ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳುಹಿಸಿಬಿಡಬೇಕು. ಅಲ್ಲಿ ಬಾಸೆಲ್‌ನ ಮಕ್ಕಳ ಮನೆಯಲ್ಲಿಯೋ ಬಂಧುಗಳಲ್ಲಿಯೋ ಅವರು ಬೆಳೆಯಬೇಕು. ಆರೋಗ್ಯ, ಶಿಕ್ಷಣ, ಸ್ಥಳೀಯ ಮಕ್ಕಳೊಂದಿಗಿನ ಒಡನಾಟದ ಭಯ ಇವೆಲ್ಲ ಅದಕ್ಕೆ ಕೊಟ್ಟ ಕಾರಣಗಳು. ಪರಿಣಾಮವಾಗಿ ಮಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಹುಟ್ಟಿ, ಆಳುಗಳಿಂದ ಕನ್ನಡವನ್ನೋ ತುಳುವನ್ನೋ ಕಲಿತ ಮಗು ಆರೇಳನೆಯ ವಯಸ್ಸಿಗೆ ಹೆತ್ತವರಿಂದ ಬೇರ್ಪಟ್ಟು ಚಳಿಯ ಊರಿಗೆ ಹೋಗಿ ಬೀಳುತ್ತಿತ್ತು. ತಂದೆ-ತಾಯಿ ಪತ್ರಗಳಲ್ಲಿ ಮಾತ್ರ ಉಳಿಯುತ್ತಿದ್ದರು. ಹತ್ತು ವರ್ಷಗಳ ಬಳಿಕ ಭೇಟಿಯಾದಾಗ ಮಕ್ಕಳು ಹೆತ್ತವರ ಗುರುತು ಹಿಡಿಯದ ಪ್ರಸಂಗಗಳು ಮಿಶನ್ನಿನ ಕುಟುಂಬಗಳಲ್ಲಿ ಹೊಸದಾಗಿರಲಿಲ್ಲ. ಸಾವಿರಾರು ಅನಾಥ ಮಕ್ಕಳಿಗೆ ಊಟ, ಓದು ಕೊಟ್ಟ ಸಂಸ್ಥೆ ತನ್ನವರ ಮಕ್ಕಳನ್ನು ಹೆತ್ತವರಿಂದ ಅಗಲಿಸಿತೆಂಬುದು ಅದರ ಇತಿಹಾಸದ ಒಂದು ನೋವಿನ ಅಧ್ಯಾಯವೇ ಸರಿ.

ಬಿಟ್ಟು ಬಂದ ನಾಡು ಇರಲಿಲ್ಲ

ಆರೋಗ್ಯ ಕೆಟ್ಟ ಕಿಟ್ಟೆಲ್ 1877ರಲ್ಲಿ ಯುರೋಪಿಗೆ ಮರಳಿದರು. ಅದಕ್ಕೆ ಮೊದಲೇ ನಿಘಂಟಿನ ಕೆಲಸ ಅವರ ಹೆಗಲೇರಿತ್ತು. ಸಂಗ್ರಹಿಸಿದ ಪದಗಳ ಕಟ್ಟುಗಳೂ ಅವರೊಂದಿಗೆ ಕಡಲು ದಾಟಿದವು.

ಮರಳಿದ್ದು ಎಲ್ಲಿಗೆ ಎಂಬ ಪ್ರಶ್ನೆ ಸರಳವಲ್ಲ. ಅವರು 1853ರಲ್ಲಿ ಬಿಟ್ಟುಹೋದ ಪೂರ್ವ ಫ್ರೀಸ್‌ಲ್ಯಾಂಡ್ ಹಾನೋವರ್ ರಾಜ್ಯದ ಭಾಗವಾಗಿತ್ತು. ಆ ರಾಜ್ಯವನ್ನು 1866ರಲ್ಲಿ ಪ್ರಷ್ಯಾ ನುಂಗಿತ್ತು. ಬಿಸ್ಮಾರ್ಕ್ ಕಟ್ಟಿದ ಜರ್ಮನ್ ಸಾಮ್ರಾಜ್ಯ 1871ರಲ್ಲಿ ಘೋಷಣೆಯಾಗಿತ್ತು. ಹೊರಡುವಾಗ ಇದ್ದ ಹಾನೋವರ್ ದೊರೆ ಬರುವಾಗ ಇರಲಿಲ್ಲ. ಊರೂರಿಗೆ ರೈಲು ಬಂದಿತ್ತು. ಭಾರತದ ಪ್ರಯಾಣ ಕೂಡ 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಬಳಿಕ ಬಹಳ ಹತ್ತಿರದ್ದಾಗಿತ್ತು.

ಅದಕ್ಕಿಂತ ಮುಖ್ಯವಾಗಿ, ಬಾಸೆಲ್ ಮಿಶನ್ನಿನ ಬಲವಿದ್ದುದು ದಕ್ಷಿಣದ ವುರ್ಟೆಂಬರ್ಗ್ ಸೀಮೆಯಲ್ಲಿ. ಐಟ್ ಸೋದರಿಯರೂ ಅದೇ ದಕ್ಷಿಣ ಜರ್ಮನಿಯವರು. ಕಿಟ್ಟೆಲರ ಹುಟ್ಟೂರು ಉತ್ತರದ ಕಡಲ ದಂಡೆ. ಎರಡರ ನಡುವೆ ಮಾತು, ಊಟ, ನಡೆನುಡಿ ಎಲ್ಲದರಲ್ಲೂ ವ್ಯತ್ಯಾಸ. ನಮ್ಮಲ್ಲಿ ಬೀದರಿನ ಅಳಿಯ ಕುಂದಾಪುರದಲ್ಲಿ ನೆಲೆಸಿದಂತೆ. ಅವರ ಪಾಲಿಗೆ ಮರಳುವುದೆಂದರೆ ಹೆಂಡತಿಯ ಕಡೆಯವರ, ಮಿಶನ್ನಿನ ಕಡೆಯವರ ನಾಡಿಗೆ ಹೋಗುವುದಾಗಿತ್ತು. ಬದುಕಿನ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲವನ್ನು ಅವರು ಕಳೆದಿದ್ದುದು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ.

ವುರ್ಟೆಂಬರ್ಗಿನ ಚರ್ಚಿನ ವಾತಾವರಣವನ್ನೂ ಇಲ್ಲಿ ಹೇಳಬೇಕು. ಅಲ್ಲಿನ ಭಕ್ತ ಕುಟುಂಬಗಳು ಭಾನುವಾರದ ಆರಾಧನೆಯ ಜತೆಗೆ ವಾರದ ನಡುವೆ ಮನೆಗಳಲ್ಲಿ ಕೂಡಿ ಬೈಬಲ್ ಓದುತ್ತಿದ್ದವು. ಮಿಶನ್ ಎಂಬುದು ಅವರಿಗೆ ದೂರದ ಮಾತಾಗಿರಲಿಲ್ಲ. ವಾರಕ್ಕೆ ಅರ್ಧ ಬಾಟ್ಸೆನ್ ಎಂಬ ಸಣ್ಣ ನಾಣ್ಯ ಕೂಡಿಸುವ ಯೋಜನೆಯೊಂದು 1855ರಿಂದ ನಡೆಯುತ್ತಿತ್ತು. ರೈತರು, ನೇಕಾರರು, ಮನೆಗೆಲಸದ ಹೆಂಗಸರು ಕೊಟ್ಟ ಆ ಚಿಲ್ಲರೆಯಿಂದ ನಮ್ಮ ಮುಲ್ಕಿ, ಉಡುಪಿ, ಮಂಗಳೂರಿನ ಮಿಶನ್ ಶಾಲೆಗಳಿಗೆ ಬಲ ಬಂದಿತ್ತು. ಊರಿಗೆ ಬಂದ ಮಿಶನರಿ ಈ ಜನರಿಗೆ ಲೆಕ್ಕ ಒಪ್ಪಿಸಬೇಕಿತ್ತು. ವರ್ಷಕ್ಕೊಮ್ಮೆ ನಡೆಯುವ ಮಿಶನ್ ಉತ್ಸವಗಳಲ್ಲಿ ಎದ್ದು ನಿಂತು ಅಲ್ಲಿ ಎಷ್ಟು ಆತ್ಮಗಳು ದೊರೆತವು, ಯಾರು ದೀಕ್ಷೆ ಪಡೆದರು ಎಂದು ವಿವರಿಸಬೇಕಿತ್ತು. ಇಪ್ಪತ್ತು ವರ್ಷ ದುಡಿದು ಹಳಗನ್ನಡ ವ್ಯಾಕರಣವನ್ನೂ ಛಂದಸ್ಸನ್ನೂ ತಂದವರು ಆ ಸಭೆಗಳಲ್ಲಿ ಹೇಳಬಹುದಾದ ಕತೆ ಕಡಿಮೆಯೇ. ಕೇಶಿರಾಜ ಯಾರೆಂದು ಅಲ್ಲಿ ಯಾರಿಗೆ ಬೇಕಿತ್ತು?

ಇನ್ನೊಂದು ತೊಡಕೂ ಇತ್ತು. ಬಾಸೆಲ್ ಶಾಲೆಯಲ್ಲಿ ತರಬೇತಾದವರಿಗೆ ವಿಶ್ವವಿದ್ಯಾಲಯದ ಪದವಿ ಇರುತ್ತಿರಲಿಲ್ಲ. ಜರ್ಮನಿಯ ರಾಜ್ಯ ಚರ್ಚುಗಳಲ್ಲಿ ಪಾದ್ರಿಯಾಗಲು ವಿಶ್ವವಿದ್ಯಾಲಯದ ದೈವಶಾಸ್ತ್ರದ ಓದು ಬೇಕು. ಮಂಗಳೂರ ಸಮಾಚಾರದ ಸಂಪಾದಕ ಹರ್ಮನ್ ಮೋಗ್ಲಿಂಗ್ ಅವರಂತೆ ಟ್ಯೂಬಿಂಗೆನ್‌ನಲ್ಲಿ ಓದಿ ಬಂದವರ ಮಾತು ಬೇರೆ. ಉಳಿದವರು ಭಾರತದಲ್ಲಿ ಹಿರಿಯರಾಗಿ, ಸಭೆಗಳ ಮುಖ್ಯಸ್ಥರಾಗಿ ಗೌರವ ಪಡೆದು ಊರಿಗೆ ಬಂದರೆ ಅಲ್ಲಿನ ಚರ್ಚಿನ ಏಣಿಯಲ್ಲಿ ಅವರಿಗೆ ಮೆಟ್ಟಿಲಿರಲಿಲ್ಲ. ಪರದೇಶದಲ್ಲಿ ಮ್ಯಾನೇಜರ್ ಆಗಿದ್ದವನು ಊರಿಗೆ ಬಂದು ಏನು ಮಾಡುವುದೆಂದು ತೋಚದೆ ಜಗಲಿಯಲ್ಲಿ ಕೂರುವ ಸ್ಥಿತಿ ನಮಗೂ ಗೊತ್ತು.

ಕಿಟ್ಟೆಲರಿಗೆ ಒಂದು ಕೆಲಸವಂತೂ ಇತ್ತು. ಅವರು ಜರ್ಮನಿಯಲ್ಲಿಯೇ ನಿಘಂಟನ್ನು ಮುಂದುವರಿಸಿದರು. ಇದಕ್ಕೆ ಎದುರಿಗೇ ಒಂದು ಮಾದರಿಯಿತ್ತು. ಮಲಯಾಳದ ಹರ್ಮನ್ ಗುಂಡರ್ಟ್ 1859ರಲ್ಲಿ ಭಾರತ ಬಿಟ್ಟು ವುರ್ಟೆಂಬರ್ಗಿನ ಕಾಲ್ವ್ ಪಟ್ಟಣದಲ್ಲಿ ನೆಲೆಸಿದ್ದರು. ಅಲ್ಲಿಂದಲೇ ಮಲಯಾಳ ನಿಘಂಟನ್ನು ಪೂರೈಸಿ 1872ರಲ್ಲಿ ಮಂಗಳೂರಿನಲ್ಲಿ ಮುದ್ರಿಸಿದ್ದರು. ಹೆಂಡತಿ ಮಕ್ಕಳೊಡನೆ ಒಂದೇ ಮನೆಯಲ್ಲಿದ್ದು, ಕಾಲ್ವ್‌ನ ಧಾರ್ಮಿಕ ಪ್ರಕಟಣಾಲಯವನ್ನು ನಡೆಸುತ್ತಾ, ಊರಿನ ಗಣ್ಯರಾಗಿ ಅವರು ಬಾಳಿದರು. ಗುಂಡರ್ಟರ ಮೊಮ್ಮಗನೇ ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಲೇಖಕ ಹರ್ಮನ್ ಹೆಸ್ಸೆ. ಹೆಸ್ಸೆಯ ತಂದೆ ಯೊಹಾನೆಸ್ ಕೂಡ ಕೆಲವು ವರ್ಷ ಮಂಗಳೂರಿನ ಬಾಸೆಲ್ ಮಿಶನ್ನಿನಲ್ಲಿದ್ದವರು.

ಗುಂಡರ್ಟ್ ಮಾಡಿದ್ದನ್ನು ಕಿಟ್ಟೆಲ್ ಮಾಡಲಾಗಲಿಲ್ಲ. ಅವರು ಬಯಸಿದ ಕೋಶದ ಬಗೆಯೇ ಬೇರೆ. ಪದಕ್ಕೆ ಅರ್ಥ ಬರೆದರೆ ಸಾಲದು. ಆ ಪದ ಯಾವ ಕಾವ್ಯದಲ್ಲಿ ಬಂದಿದೆ, ಯಾವ ಗಾದೆಯಲ್ಲಿದೆ, ಮೈಸೂರಿನಲ್ಲಿ ಹೇಗೆ ಬಳಸುತ್ತಾರೆ, ಧಾರವಾಡದ ಕಡೆ ಹೇಗೆ, ತುಳು, ತಮಿಳು, ತೆಲುಗು, ಮಲಯಾಳಗಳಲ್ಲಿ ಅದರ ಬಂಧುಗಳು ಯಾರು ಎಂಬುದೆಲ್ಲ ಬೇಕು. ಇದಕ್ಕೆ ಹಸ್ತಪ್ರತಿಗಳು ಬೇಕು. ಅವನ್ನು ಬಲ್ಲ ಪಂಡಿತರು ಬೇಕು. ಪದವನ್ನು ಬಾಯಲ್ಲಿ ಆಡುವ ರೈತನೂ ಬೆಸ್ತನೂ ಬಡಗಿಯೂ ಕೇಳುವಷ್ಟು ಹತ್ತಿರದಲ್ಲಿರಬೇಕು. ಇವರಾರೂ ವುರ್ಟೆಂಬರ್ಗಿನಲ್ಲಿ ಸಿಗುವಂತಿರಲಿಲ್ಲ.

ಐವತ್ತೊಂದರ ಪಯಣ

ಹೀಗೆ 1883ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಕಿಟ್ಟೆಲ್ ಮತ್ತೆ ಮಂಗಳೂರಿಗೆ ಹೊರಟರು. ಸಂಸಾರ ಜರ್ಮನಿಯಲ್ಲಿ ಉಳಿಯಿತು.

ಮಿಶನ್ನಿನ ಹಳೆಯ ನಿಯಮ ಮಕ್ಕಳನ್ನು ಹೆತ್ತವರಿಂದ ಅಗಲಿಸುತ್ತಿತ್ತು. ಇಲ್ಲಿ ತಾಯಿ ಮಕ್ಕಳು ಒಟ್ಟಿಗಿದ್ದು ತಂದೆಯೊಬ್ಬರು ದೂರವಾದರು. ಯಾವುದು ಕಡಿಮೆ ಕಠಿಣವೆಂದು ಹೇಳುವುದು ಕಷ್ಟ. ಆರು ವರ್ಷಗಳಲ್ಲಿ ಮನೆ ಒಂದು ಹದಕ್ಕೆ ಬಂದಿತ್ತು. ಮಕ್ಕಳು ಶಾಲೆಯ ವಾತಾವರಣಕ್ಕೆ, ಚರ್ಚಿಗೆ, ನೆರೆಹೊರೆಗೆ ಹೊಂದಿಕೊಂಡಿದ್ದರು. ಆಗ ಮನೆಯ ಭಾರ ಪೂರ್ತಿ ಜೂಲಿಯ ಹೆಗಲಿಗೆ ಬಿತ್ತು. ಅಕ್ಕನ ಮಕ್ಕಳನ್ನೂ ತನ್ನ ಮಕ್ಕಳನ್ನೂ ಸಾಕಿದ ಈ ಹೆಣ್ಣುಮಗಳ ಹೆಸರು ನಿಘಂಟಿನ ಚರ್ಚೆಗಳಲ್ಲಿ ಬರುವುದು ತೀರಾ ವಿರಳ. ಮಂಗಳೂರಿನಿಂದ ಜರ್ಮನಿಗೆ ಒಂದು ಪತ್ರ ತಲುಪಲು ವಾರಗಳೇ ಬೇಕಿದ್ದ ಕಾಲವದು. ಮಗುವಿಗೆ ಜ್ವರ ಬಂದ ಸುದ್ದಿ ತಂದೆಗೆ ಮುಟ್ಟುವಷ್ಟರಲ್ಲಿ ಜ್ವರ ಬಿಟ್ಟಿರುತ್ತಿತ್ತು.

ಮಂಗಳೂರಿನಲ್ಲಿ ಒಂಬತ್ತು ವರ್ಷ ಕೆಲಸ ನಡೆಯಿತು. ಕರಾವಳಿಯ ಮಟ್ಟಿಗೆ ಅದು ಕೋಶಗಳ ದಶಕ. ಅದೇ ಮಿಶನ್ನಿನ ಆಗಸ್ಟ್ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ, ಇಂಗ್ಲಿಷ್-ತುಳು ನಿಘಂಟು 1888ರಲ್ಲಿ ಮಂಗಳೂರಿನಲ್ಲಿ ಮುದ್ರಣಗೊಂಡವು. ಮಲ್ಪೆಯಲ್ಲಿ ಮಿಶನ್ನಿನ ಹೆಂಚಿನ ಕಾರ್ಖಾನೆ ಎದ್ದದ್ದು ಆ ದಶಕದಲ್ಲಿಯೇ. ಉಡುಪಿಯಲ್ಲಿ 1854ರಿಂದಲೇ ಮಿಶನ್ ಠಾಣೆಯಿತ್ತು. ರೈಲು ಮಂಗಳೂರಿಗೆ ಬಂದಿರಲಿಲ್ಲ. ಉಡುಪಿಯಿಂದ ಮಂಗಳೂರಿಗೆ ಹೋಗಬೇಕಾದರೆ ಹೊಳೆಗಳನ್ನು ದೋಣಿಯಲ್ಲಿ ದಾಟಬೇಕಿತ್ತು. ಇಂದಿನ ಮಣಿಪಾಲ ಆಗ ಹುಲ್ಲು, ಮುರಕಲ್ಲಿನ ಬೋಳು ಗುಡ್ಡ.

ಕಿಟ್ಟೆಲರ ಕೋಶವನ್ನು ಇಂದು ತೆರೆದರೂ ಅವರು ಎಷ್ಟು ಹಟದ ಮನುಷ್ಯರೆಂಬುದು ಕಾಣುತ್ತದೆ. ಸಂಸ್ಕೃತದಿಂದ ಬಂದ ಪದಗಳಿಗೂ ಅಚ್ಚಗನ್ನಡ ಪದಗಳಿಗೂ ಬೇರೆ ಬೇರೆ ಗುರುತು. ಪದ ಕೇಳಿಬಂದ ಪ್ರದೇಶಕ್ಕೆ ಸಂಕೇತ. ಜೈಮಿನಿ ಭಾರತ, ಬಸವಪುರಾಣದಂತಹ ಕಾವ್ಯಗಳಿಂದ ಆಧಾರ. ಎಲ್ಲಕ್ಕಿಂತ ಮಿಗಿಲಾಗಿ ಗಾದೆಗಳು. ಮನೆಯ ಹೆಂಗಸರ, ಕೂಲಿಯವರ, ಅಂಗಡಿಯವರ ಬಾಯಿಮಾತುಗಳು ಅಲ್ಲಿ ಮಹಾಕವಿಗಳ ಪದ್ಯಗಳ ಪಕ್ಕದಲ್ಲಿಯೇ ಕುಳಿತಿವೆ. ಸಂಸ್ಕೃತಕ್ಕೆ ದ್ರಾವಿಡ ಭಾಷೆಗಳಿಂದ ಹೋಗಿರಬಹುದಾದ ನೂರಾರು ಪದಗಳ ಪಟ್ಟಿಯನ್ನೇ ಅವರು ಮುನ್ನುಡಿಯಲ್ಲಿ ಕೊಟ್ಟರು. ಎಲ್ಲವೂ ಸಂಸ್ಕೃತದಿಂದಲೇ ಬಂತೆಂದು ನಂಬಿದ್ದ ದಿನಗಳಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ಕೆಲಸ ಒಂದು ಹಂತಕ್ಕೆ ಬಂದ 1892ರಲ್ಲಿ ಕಿಟ್ಟೆಲ್ ಕೊನೆಯ ಬಾರಿ ಮಂಗಳೂರು ಬಿಟ್ಟರು. ಅರುವತ್ತು ತುಂಬಿತ್ತು. ಈ ಬಾರಿ ನೆಲೆಸಿದ್ದು ನೆಕಾರ್ ನದಿಯ ದಡದ ಟ್ಯೂಬಿಂಗೆನ್‌ನಲ್ಲಿ. ನಿಘಂಟಿನ ಮುನ್ನುಡಿಗೆ ಅವರು ಸಹಿ ಹಾಕಿದ್ದು ಆ ಊರಿನಿಂದ, 1893ರಲ್ಲಿ. ಮರುವರ್ಷ ಗ್ರಂಥ ಮಂಗಳೂರಿನಲ್ಲಿ ಹೊರಬಂದಾಗ ಕೋಶಕಾರರು ಸಾವಿರಾರು ಮೈಲು ದೂರವಿದ್ದರು. ಆ ಹೊತ್ತಿಗೆ ಕಾರ್ಕಳದ ಸಮೀಪದ ನಂದಳಿಕೆಯ ಲಕ್ಷ್ಮೀನಾರಾಯಣಪ್ಪ ಎಂಬ ಯುವಕ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕರಾಗಿ ಸಂಸಾರ ತೂಗಿಸುತ್ತಿದ್ದರು. ಮುದ್ದಣನೆಂದು ಪ್ರಸಿದ್ಧರಾದ ಅವರು ಮುಂದೆ ಉಡುಪಿಯಲ್ಲಿದ್ದುಕೊಂಡು ಹಳಗನ್ನಡದ ಪದಸಂಪತ್ತನ್ನು ಹೊಸ ಗದ್ಯಕ್ಕೆ ತಂದ ರಾಮಾಶ್ವಮೇಧವನ್ನು ಬರೆದರು. ಒಬ್ಬರು ಹಳೆಯ ಪದಗಳನ್ನು ಕೋಶದಲ್ಲಿ ಕಾಪಿಟ್ಟರು, ಇನ್ನೊಬ್ಬರು ಅವಕ್ಕೆ ಮರಳಿ ಜೀವ ತುಂಬಿದರು. ಇಬ್ಬರ ದುಡಿಮೆಯೂ ಒಂದೇ ಕರಾವಳಿಯಲ್ಲಿ, ಒಂದೇ ಕಾಲದಲ್ಲಿ ನಡೆಯಿತೆಂಬುದು ಜಿಲ್ಲೆಯ ಜನ ನೆನೆಯಬೇಕಾದ ಸಂಗತಿ.

ಟ್ಯೂಬಿಂಗೆನ್ ಕಿಟ್ಟೆಲರಿಗೆ ಒಪ್ಪುವ ಊರಾಗಿತ್ತು. ದೊಡ್ಡ ಸಂಸ್ಕೃತ-ಜರ್ಮನ್ ನಿಘಂಟನ್ನು ಓಟೊ ಬ್ಯೋಟ್ಲಿಂಕ್ ಜತೆಗೂಡಿ ರಚಿಸಿದ ರುಡಾಲ್ಫ್ ರೋಟ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿಯೇ ಇದ್ದರು, 1895ರಲ್ಲಿ ತೀರಿಕೊಂಡರು. ಒಂದು ನಿಘಂಟಿಗೆ ಎಷ್ಟು ಬೆವರು ಸುರಿಯಬೇಕೆಂದು ಬಲ್ಲ ಊರು ಅದು. ಚರ್ಚಿನ ಏಣಿಯಲ್ಲಿ ಮೆಟ್ಟಿಲು ಸಿಗದಿದ್ದ, ವಿಶ್ವವಿದ್ಯಾಲಯದ ಮುಖ ನೋಡದಿದ್ದ ಕಿಟ್ಟೆಲರಿಗೆ ಅದೇ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಬೋಧಕರಾಗಿ ಅವರನ್ನು ಅಷ್ಟಾಗಿ ಮೆಚ್ಚದಿದ್ದ ನಾಡಿನಲ್ಲಿ ಮನ್ನಣೆ ತಂದುಕೊಟ್ಟದ್ದು ಕನ್ನಡವೇ. ಗುಂಡರ್ಟರ ಮೊಮ್ಮಗ ಹೆಸ್ಸೆ 1895ರಿಂದ 1899ರವರೆಗೆ ಅದೇ ಪಟ್ಟಣದ ಪುಸ್ತಕದಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಮಂಗಳೂರಿನ ಪ್ರೆಸ್ಸಿನ ನಂಟಿದ್ದ ಎರಡು ಮನೆತನಗಳವರು ಒಂದೇ ಸಣ್ಣ ಊರಿನ ಬೀದಿಗಳಲ್ಲಿ ಓಡಾಡಿದರು.

ಕೊನೆಗೂ ಮನೆಗೆ ಬಂದ ಕಿಟ್ಟೆಲ್ ಸುಮ್ಮನೆ ಕೂರಲಿಲ್ಲ. ಮುಂದಿನ ಹತ್ತು ವರ್ಷ ಅವರ ಮೇಜಿನ ಮೇಲೆ ಕನ್ನಡವೇ ಇತ್ತು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಯೌವನದಲ್ಲಿ ಸಂಪಾದಿಸಿದ ಶಬ್ದಮಣಿದರ್ಪಣವೇ ಅದಕ್ಕೆ ತಳಹದಿ. ಹಸ್ತಪ್ರತಿ ಟ್ಯೂಬಿಂಗೆನ್‌ನಿಂದ ಮಂಗಳೂರಿಗೆ ಬಂದು 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್ 18ರಂದು ಟ್ಯೂಬಿಂಗೆನ್‌ನಲ್ಲಿ ಕಿಟ್ಟೆಲ್ ನಿಧನರಾದರು. ಆಗ ಅವರಿಗೆ ಎಪ್ಪತ್ತೊಂದು ವರ್ಷ.

ಅವರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದರು. ಮದರಾಸು ವಿಶ್ವವಿದ್ಯಾಲಯ ಅದನ್ನು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ 1995ರ ಹೊತ್ತಿಗೆ ಪೂರ್ಣಗೊಂಡಿತು. ಅದನ್ನು ರಚಿಸಿದವರಿಗೂ ಕಿಟ್ಟೆಲರ ಕೋಶ ದಾಟಲೇಬೇಕಾದ ಮೊದಲ ಹೊಸ್ತಿಲಾಗಿತ್ತು.

ಉಡುಪಿಯಲ್ಲಿ ಈ ಪರಂಪರೆ ಮುಂದುವರಿದದ್ದು ತುಳುವಿನ ಮೂಲಕ. ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ಆರಂಭವಾದ ತುಳು ನಿಘಂಟು ಯೋಜನೆ ಆರು ಸಂಪುಟಗಳನ್ನು ಪ್ರಕಟಿಸಿ 1997ರಲ್ಲಿ ಮುಗಿಯಿತು. ಅದರ ಪ್ರಧಾನ ಸಂಪಾದಕರು ಕಾಪು ಸಮೀಪದ ಮಜೂರಿನವರಾದ ಡಾ. ಯು.ಪಿ. ಉಪಾಧ್ಯಾಯ. ಅವರೂ ಪರದೇಶದಲ್ಲಿದ್ದು ಬಂದವರೇ. ಪತ್ನಿ ಡಾ. ಸುಶೀಲಾ ಉಪಾಧ್ಯಾಯರೊಡನೆ 1970ರ ದಶಕದಲ್ಲಿ ಆಫ್ರಿಕಾದ ಸೆನೆಗಲ್ ದೇಶದ ಡಾಕರ್‌ನಲ್ಲಿ ದ್ರಾವಿಡ ಮತ್ತು ಆಫ್ರಿಕನ್ ಭಾಷೆಗಳ ಹೋಲಿಕೆಯ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಊರಿಗೆ ಮರಳಿ, ಉಡುಪಿಯಲ್ಲಿ ನೆಲೆಸಿ, ಭೂತಾರಾಧನೆಯ ಬಗ್ಗೆ ಒಟ್ಟಿಗೆ ಪುಸ್ತಕ ಬರೆದರು. ತುಳು ಪದಗಳನ್ನು ಕೂಡಿಸುತ್ತಾ ಉಪಾಧ್ಯಾಯರು ಮುಂದಿನ ವರ್ಷಗಳನ್ನು ಕಳೆದದ್ದು ಮಜೂರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ.